ಒಂದು ಕೊಪ್ಪಲನ್ನೇ ಕುಡಿದ ವರ್ಷ

ಹಾಕರ್‌ಬಿ
ಮಂಗಳವಾರ, ೨೮ ಮೇ ೨೦೧೯

ಪ್ರೀತಿಯ ಹಟಮಾರಿ ಅಪ್ಪನಿಗೆ,

ಸೊಂಟ ಹೇಗಿದೆ? ರಾಲ್ಫ್ ಫೋನಿನಲ್ಲಿ "ಚೆನ್ನಾಗಿದ್ದಾರೆ, ಚೆನ್ನಾಗಿದ್ದಾರೆ" ಅಂತ ಎರಡೆರಡು ಸಲ ಹೇಳಿದ. ಒಂದೇ ಸಲ ಹೇಳಿದ್ದರೆ ನಂಬುತ್ತಿದ್ದೆ. ಊರುಗೋಲನ್ನು ಕೆಳಗೇ ಬಿಟ್ಟು ಮಹಡಿ ಹತ್ತಿದಿರಂತೆ. ಮಗನ ಮನೆಯಲ್ಲಿ ಬೀಳಲು ನಾಚಿಕೆ ಆಗುತ್ತದೆ ಎಂದಾದರೂ ಹುಷಾರಾಗಿರಿ. ಅತ್ತಿಗೆ ಮಾಡಿದ ಸಾರಿಗೆ ರುಚಿ ನೋಡುವ ಮೊದಲೇ ಉಪ್ಪು ಸುರಿದುಕೊಳ್ಳಬೇಡಿ, ಆಕೆಗೆ ಬೇಸರವಾಗುತ್ತದೆ. ನಿಮ್ಮ ಬಟಾಣಿ ಬಳ್ಳಿಗಳಿಗೆ ದಿನಾ ನೀರು ಹಾಕುತ್ತಿದ್ದೇನೆ. ಬಸವನಹುಳುಗಳ ಪಾಲು ಹೋಗಿ ಉಳಿದದ್ದು ನಮಗೆ.

ಈ ಭಾನುವಾರ, ವರ್ಷಕ್ಕೊಮ್ಮೆ ಊರಿನ ಗಡಿ ಸುತ್ತಿ ಬರುವ ನಮ್ಮ ಸರಹದ್ದಿನ ನಡಿಗೆ ಆಯಿತು. ನೀವು ಊರಲ್ಲಿಲ್ಲದ ಕಾರಣ ಮುಂದೆ ನಿಂತು ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ಹೇಗೆ ನಡೆಸಿದೆ ಎನ್ನುವುದನ್ನು ನಮ್ಮ ಪಂಚಾಯಿತಿಯ ಅಧ್ಯಕ್ಷರಾದ ಕ್ಲೈವ್ ಡೌಡಿಂಗ್ ನಿಮಗೆ ಫೋನು ಮಾಡಿ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ನೀವು ಹೋಗುತ್ತಿದ್ದ ದಾರಿಯಲ್ಲಿ ನಾನು ಹೋಗಲಿಲ್ಲ. ಗಿರಣಿ ದಿಬ್ಬದವರೆಗೆ ಎಲ್ಲರೂ ಒಟ್ಟಿಗೇ ಇದ್ದೆವು. ವಿಲೋ ಕೋಲುಗಳಿಂದ ಗಡಿಕಲ್ಲುಗಳನ್ನು ಬಡಿದೆವು, ಮಕ್ಕಳನ್ನು ಎತ್ತಿ ಒಂದೊಂದು ಕಲ್ಲಿನ ಮೇಲೂ ಕುಕ್ಕಿ ಕೂರಿಸಿದೆವು. ನನ್ನನ್ನೂ ನೀವು ಹಾಗೇ ಕುಕ್ಕಿದ್ದಿರಿ. ಊರಿನ ಗಡಿ ಎಲ್ಲಿದೆ ಎಂದು ಸಾಯುವತನಕ ಮರೆಯಬಾರದು ಎನ್ನುತ್ತಿದ್ದಿರಿ. ನಾನು ಮರೆತಿಲ್ಲ. ಆದರೆ ದಿಬ್ಬದಿಂದ ನೀವು ಬಲಕ್ಕೆ ತಿರುಗಿ ಹೊಲದ ನಡುವೆ ನೇರ ಪಬ್ಬಿಗೆ ಇಳಿಯುತ್ತಿದ್ದಿರಿ. ನಾನು ಎಡಕ್ಕೆ ತಿರುಗಿದೆ.

ನೀವು ಈ ಸಾಲನ್ನು ಓದಿ ಕನ್ನಡಕ ತೆಗೆದಿರುತ್ತೀರಿ. ದಯವಿಟ್ಟು ಮತ್ತೆ ಹಾಕಿಕೊಳ್ಳಿ. ಎಡಗಡೆ ಇರುವುದು ಜೌಗು, ಜೌಗಿನ ಆಚೆ ನೆದರ್ ಟಾಫ್ಟ್ ಕೊಪ್ಪಲು. ನಕ್ಷೆಯ ಪ್ರಕಾರ ಆ ಹನ್ನೊಂದು ಮನೆಗಳೂ ನಮ್ಮವೇ. ಪಕ್ಕದ ಪಟ್ಟಣದವರು ಈಗ ಅದನ್ನು ತಮಗೆ ಸೇರಿಸಿ ಎಂದು ಕೇಳಿದ್ದಾರೆ, ಅಲ್ಲಿನ ಏರುಭೂಮಿಯ ತುಂಬ ಹೊಸ ಮನೆ ಕಟ್ಟುವ ಆಸೆ ಅವರಿಗೆ. ಅವರ ಅರ್ಜಿಯಲ್ಲಿ ಒಂದು ಮಾತಿದೆ: ಹಾಕರ್‌ಬಿಯವರು ತಮ್ಮ ಸರಹದ್ದಿನ ನಡಿಗೆಯಲ್ಲೇ ಈ ಕೊಪ್ಪಲಿಗೆ ಕಾಲಿಡುವುದಿಲ್ಲ. ಸುಳ್ಳಲ್ಲವಲ್ಲ. ಬರುವ ವಾರ, ಐದನೆಯ ತಾರೀಕು ಬುಧವಾರ, ಜಿಲ್ಲೆಯವರು ನಮ್ಮ ಸಭಾಭವನಕ್ಕೆ ಬಂದು ಎಲ್ಲರ ಮಾತು ಕೇಳಿ ತೀರ್ಮಾನ ಮಾಡುತ್ತಾರೆ. ಕ್ಲೈವ್‌ಗೆ ಬಿಟ್ಟುಕೊಡಲು ಅವಸರ. "ಹೋದ್ರೆ ಹೋಗ್ಲಿ ಬಿಡಮ್ಮ, ಅಲ್ಲಿಂದ ನಮಗೆ ದೂರು ಬಿಟ್ಟು ಬೇರೇನು ಬರತ್ತೆ?" ಅಂದರು. ಜೌಗಿಗೆ ಇಳಿದರೆ ವಿಮೆ ಇಲ್ಲ, ಪಂಚಾಯಿತಿ ಹೊಣೆಯಲ್ಲ ಎಂದು ಎಲ್ಲರ ಎದುರಿಗೆ ಗಟ್ಟಿಯಾಗಿ ಹೇಳಿದರು. ಆ ಗಟ್ಟಿ ದನಿ ಕೇಳಿಯೇ ನಾನು ಎಡಕ್ಕೆ ತಿರುಗಿದೆನೋ ಅಥವಾ ಆ ಹನ್ನೊಂದು ಮನೆಗಳ ಮೇಲಿನ ಪ್ರೀತಿಯಿಂದಲೋ, ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಪ್ರೀತಿ ಎನ್ನಲು ಧೈರ್ಯ ಸಾಲದು. ನಲವತ್ತು ದಾಟಿದ ಮೇಲೆ, ಮನೆಯ ಕಿಟಕಿಯಿಂದ ಕಾಣುವ ಜಾಗಕ್ಕೆ ಮೊದಲ ಸಲ ಹೋದವಳು ನಾನು.

ನನ್ನ ಹಿಂದೆ ಬಂದವರು ನಾಲ್ಕೇ ಮಂದಿ, ಅವರಲ್ಲಿ ಒಬ್ಬರು ನಮ್ಮ ಹೊಸ ಪಾದ್ರಿ ಆನೆಟ್. ಉಳಿದವರೆಲ್ಲ ಕ್ಲೈವ್ ಜೊತೆ ಪಬ್ಬಿನ ದಾರಿ ಹಿಡಿದರು. ಜೌಗು ಮಂಡಿಯ ಮೇಲಕ್ಕೇ ಬಂತು. ನನ್ನ ಒಂದು ಬೂಟು ಅಲ್ಲೇ ಉಳಿಯಿತು. ಪಾದ್ರಿಯಮ್ಮ ಪ್ರಾರ್ಥನೆಗೆ ಬಳಸದಂಥ ಒಂದೆರಡು ಮಾತು ಆಡಿದರು, ಬಿಷಪ್ಪರಿಗೆ ಹೇಳಬೇಡಿ. ಆ ಕಡೆಯ ಗಡಿಕಲ್ಲು ಮಣ್ಣಲ್ಲಿ ಹೂತುಹೋಗಿರುತ್ತದೆ, ಹುಡುಕಿ ತೋರಿಸಿ ದೊಡ್ಡಸ್ತಿಕೆ ಮೆರೆಯೋಣ ಎಂದುಕೊಂಡಿದ್ದೆ. ಅಪ್ಪಾ, ಅದು ಬೇಲಿಯ ಪಕ್ಕ ಬೆಳ್ಳಗೆ ನಿಂತಿತ್ತು. ಪ್ರತಿ ವರ್ಷ ಈ ಭಾನುವಾರಕ್ಕೆ ಅವರು ಅದಕ್ಕೆ ಸುಣ್ಣ ಬಳಿಯುತ್ತಾರಂತೆ. ಈ ವರ್ಷವೂ ಬಳಿದಿದ್ದರು. ಸುಣ್ಣ ಇನ್ನೂ ಹಸಿ.

ಕಲ್ಲಿನ ಹತ್ತಿರ ನಿಂತಿದ್ದವರು ವಿನಿಫ್ರೆಡ್ ಮಾವರ್. ಈಗ ಎಂಬತ್ತರ ಮೇಲೆ, ಮಾತು ಮಾತ್ರ ಹೊಸ ಕತ್ತರಿ. ನನ್ನ ಕೆಸರು ಕಾಲು ನೋಡಿ, "ಏನಮ್ಮಾ, ದಾರಿ ತಪ್ಪಿತಾ? ಪಬ್ಬು ಆ ಕಡೆ ಇರೋದು" ಅಂದರು. ಅಪ್ಪಾ, ನಾನು ನಿಮ್ಮ ಮಗಳು ಎಂದು ಅವರಿಗೆ ಹೇಳಿದೆ. "ಗೊತ್ತು ಕಣೆ, ಮೂಗೇ ಹೇಳತ್ತೆ" ಅಂದರು. ಮಕ್ಕಳು ಯಾರೂ ಜೊತೆಗಿಲ್ಲದ್ದು ನೋಡಿ, "ಕುಕ್ಕೋಕೆ ಕೂಸಿಲ್ವಾ? ಹಾಗಾದ್ರೆ ನೀನೇ ಬಾ" ಎಂದು ಒಂದು ತೋಳು ಅವರು, ಇನ್ನೊಂದು ಪಾದ್ರಿಯಮ್ಮ ಹಿಡಿದು, ಶಾಲೆಯಲ್ಲಿ ಇತಿಹಾಸ ಪಾಠ ಮಾಡುವ ನನ್ನನ್ನು ಆ ಹಸಿ ಸುಣ್ಣದ ಮೇಲೆ ಮೂರು ಸಲ ಕುಕ್ಕಿದರು. ಈಗ ಕೂತು ಬರೆಯುವುದೂ ಕಷ್ಟವಾಗಿದೆ.

ಆಮೇಲೆ ಒಳಗೆ ಕರೆದು ಚಹಾ ಕೊಟ್ಟರು, ಒಣದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೊಟ್ಟರು. ನಿಮ್ಮ ಕಾಲದಲ್ಲೂ ನಡಿಗೆಯವರಿಗೆಂದು ಅದೇ ಬ್ರೆಡ್ಡು ಸುಡುತ್ತಿದ್ದರಂತೆ. ಹೊಳೆ ಉಕ್ಕಿ ಕಾಲುಸೇತುವೆ ಕೊಚ್ಚಿಹೋದ ವರ್ಷ ಯಾರೂ ಬರಲಿಲ್ಲ, ಅದು ಸರಿ. ಮರುವರ್ಷ ಹೊಸ ಸೇತುವೆ ಬಂದಿತ್ತು. ಆಕೆ ಮತ್ತು ಗಂಡ ಆರ್ಥರ್ ಬಾಗಿಲಲ್ಲಿ ಚಹಾ ಆರುವವರೆಗೂ ನಿಂತರು. ಅದರ ಮರುವರ್ಷವೂ ನಿಂತರು. "ನಾವು ಚಾಪೆಲ್ಲಿಗೆ ಹೋಗೋ ಬೇರೆ ಪಂಗಡದೋರು, ಕುಡಿಯಲ್ಲ. ನೀವು ದೊಡ್ಡ ಚರ್ಚಿನೋರು. ಅದಕ್ಕೇ ನಮ್ಮನ್ನ ಬಿಟ್ರಿ ಅಂತ ನಮ್ಮ ಯಜಮಾನರು ಸಾಯೋವರೆಗೂ ಅಂದುಕೊಂಡಿದ್ರು" ಎಂದರು. ಬುಧವಾರ ಯಾರ ಕಡೆ ಮಾತಾಡುತ್ತೀರಿ ಎಂದು ಕೇಳಿದೆ. "ಯಾಕೆ ಬಿಟ್ರಿ ಅಂತ ಮೊದಲು ಯಾರಾದ್ರೂ ಹೇಳಲಿ. ಆಮೇಲೆ ನಾವು ಯಾರೋರು ಅಂತ ನಾವು ಹೇಳ್ತೀವಿ" ಅಂದರು. ಉಳಿದ ಹತ್ತು ಮನೆಗಳದೂ ಅದೇ ಮಾತು.

ನನಗೆ ಉತ್ತರ ಗೊತ್ತಿತ್ತು. ಆ ಕಾಲದಲ್ಲಿ ಪಬ್ಬು ಭಾನುವಾರ ಮಧ್ಯಾಹ್ನ ಎರಡಕ್ಕೇ ಬಾಗಿಲು ಹಾಕುತ್ತಿತ್ತು. ಜೌಗು ಸುತ್ತಿ ಬಂದರೆ ಬಿಯರು ತಪ್ಪುತ್ತಿತ್ತು, ಅದಕ್ಕೇ ಸೇತುವೆ ಬಂದ ಮೇಲೂ ನೀವು ಪಬ್ಬಿನ ಅಡ್ಡದಾರಿ ಬಿಡಲಿಲ್ಲ. ಕ್ರಿಸ್‌ಮಸ್ ಊಟಕ್ಕೆ ಕೂತಾಗಲೆಲ್ಲ "ನಾವು ಒಂದು ಕೊಪ್ಪಲನ್ನೇ ಕುಡಿದ ವರ್ಷ" ಎಂದು ನೀವು ಶುರುಮಾಡುತ್ತಿದ್ದಿರಿ, ಅಮ್ಮ ಕಣ್ಣೊರೆಸಿಕೊಂಡು ನಗುತ್ತಿದ್ದಳು, ನಾವೂ ನಗುತ್ತಿದ್ದೆವು. ವಿನಿಫ್ರೆಡ್ ಅವರ ಮೇಜಿನ ಮುಂದೆ ಅದು ಬಾಯಿಗೆ ಬರಲಿಲ್ಲ. ಧರ್ಮಕ್ಕಾಗಿ ತಮ್ಮನ್ನು ದೂರ ಇಟ್ಟರು ಎಂದು ಅವರು ನಂಬುವುದರಲ್ಲಿ ಒಂದು ಮರ್ಯಾದೆಯಾದರೂ ಇದೆ. ಒಂದು ಲೋಟ ಬಿಯರಿಗಾಗಿ ಎಂದು ಕೇಳಿದರೆ?

ಹಿಂದಿರುಗುವಾಗ ಪಬ್ಬಿಗೆ ಹೋದೆ, ಒಂಟಿ ಬೂಟಿನಲ್ಲೇ. ಕ್ಲೈವ್ ಎಲ್ಲರಿಗೂ ಕೇಳುವಂತೆ, "ಮೆರಿಯೆಲ್, ಹಿಂದೆ ಸುಣ್ಣ ಮೆತ್ತಿಕೊಂಡಿದೆ, ಒರೆಸ್ಕೊ" ಅಂದರು. "ಅದು ನಮ್ಮೂರಿನ ಗಡಿ, ಒರೆಸೋದಿಲ್ಲ" ಎಂದು ಹೇಳಿ, ಎಲ್ಲರಿಗೂ ಬೆನ್ನು ಕಾಣುವ ಹಾಗೆ ನಿಂತು ಕುಡಿದು ಬಂದೆ. ನಿಮ್ಮ ಮಗಳಿಗೆ ಇಷ್ಟು ಸೊಕ್ಕು ಎಲ್ಲಿಂದ ಬಂತು ಎಂದು ನಾಳೆ ಅವರು ಕೇಳಬಹುದು. ನೀವೇ ಉತ್ತರ ಕೊಡಿ.

ರಾಲ್ಫ್‌ಗೂ ಅತ್ತಿಗೆಗೂ ನನ್ನ ನೆನಪು ಹೇಳಿ. ಮಾತ್ರೆ ಮರೆಯಬೇಡಿ. ನಿಮ್ಮ ಕೆನ್ನೆಗೆ ಒಂದು ಮುತ್ತು.

ನಿಮ್ಮ,
ಮೆರಿಯೆಲ್

ಮ.ವಿ.: ಅಂಚೆಯವನು ಬರುವ ಹೊತ್ತಾಯಿತು. ಬುಧವಾರ ಮಾತಾಡುವವರಲ್ಲಿ ನಿಮ್ಮ ಹೆಸರು ಕೊಟ್ಟಿದ್ದೇನೆ, ನಿಮ್ಮನ್ನು ಕೇಳದೆಯೇ. ಕರೆತರಲು ರಾಲ್ಫ್ ಒಪ್ಪಿದ್ದಾನೆ. ಜಿಲ್ಲೆಯವರಿಗೆ ಏನೂ ಹೇಳಬೇಕಿಲ್ಲ, ಯಾಕೆ ಬಿಟ್ಟಿರಿ ಎನ್ನುವುದನ್ನು ವಿನಿಫ್ರೆಡ್ ಕಡೆ ತಿರುಗಿ ಹೇಳಿದರೆ ಸಾಕು. ಕೇಳಿದ ಮೇಲೆ ಅವರು ಪಟ್ಟಣದ ಕಡೆಗೇ ಹೋಗಬಹುದು, ಹೋದರೆ ಹೋಗಲಿ, ತಿಳಿದು ಹೋಗಲಿ. ನೀವು ಬರದಿದ್ದರೆ ನಾನೇ ಎದ್ದು ಹೇಳುತ್ತೇನೆ. ಆದರೆ ನನ್ನ ಬಾಯಲ್ಲಿ ಅದು ತಮಾಷೆಯಾಗಿ ಬರುವುದಿಲ್ಲ, ಅಪ್ಪಾ.