ಇವತ್ತು ಹಳೇ ಚಪ್ಪಲಿಯಲ್ಲೇ ಹೊರಡು

ಮುನೀಂದ್ರ,

ಆಟೋ ಮೊಯಿನುದ್ದೀನ್ ಭಾಯಿಯನ್ನು ಕರೆತರಲು ಪುಟ್ಟೇನಹಳ್ಳಿಗೆ ಹೋಗುತ್ತಿದ್ದೇನೆ. ನಿನ್ನನ್ನು ಆಟೋಗೆ ಎತ್ತಿ ಕೂರಿಸುವವರು ಅವರೇ. ಇವತ್ತು ಅಪೀಲು ವಿಚಾರಣೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುತ್ತಾರಂತೆ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ತಿನ್ನು. ಆಸ್ಪತ್ರೆ ಚೀಟಿಗಳ ಕವರು ಟಿವಿ ಮೇಲಿದೆ.

ಇಸ್ತ್ರಿ ಶರ್ಟು, ಹೊಸ ಚಪ್ಪಲಿ ಎರಡನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಹುಡುಕಬೇಡ, ಬೀಗದ ಕೈ ನನ್ನ ಹತ್ತಿರವೇ ಇದೆ. ಹೋದ ಸಲ ಹೆಣ್ಣು ನೋಡಲು ಹೊರಟವನ ಹಾಗೆ ಹೋದೆ. ಸಾಹೇಬರು "ಹೇಗಿದ್ದೀರಪ್ಪಾ?" ಅಂದದ್ದಕ್ಕೆ, ನೆಂಟರಿಗೆ ಹೇಳುವ ಹಾಗೆ "ಚೆನ್ನಾಗಿದ್ದೀನಿ ಸಾರ್, ಎಲ್ಲಾ ನಾನೇ ಮಾಡ್ಕೋತೀನಿ" ಅಂದೆ. ಅವರು ಅದನ್ನೇ ಬರೆದುಕೊಂಡು ನಿನ್ನ ಅಂಗವಿಕಲ ಪಿಂಚಣಿ ನಿಲ್ಲಿಸಿದರು.

ಲಕ್ವ ಹೊಡೆದ ಕಾಲನ್ನು ಎಳೆದೆಳೆದು ಒಂದೇ ಕಡೆ ಸವೆದ ಹಳೇ ಚಪ್ಪಲಿ ಬಾಗಿಲ ಹತ್ತಿರ ಇದೆ. ಅದನ್ನೇ ಹಾಕಿಕೋ. ಅಲ್ಲಿ ಬಿಚ್ಚಿ ತೋರಿಸು. ಶರ್ಟಿನ ಗುಂಡಿ ಯಾರು ಹಾಕುತ್ತಾರೆ ಅಂತ ಕೇಳಿದರೆ "ನಮ್ಮಮ್ಮ" ಅನ್ನು. ಹಾಕುವ ನನಗೇ ಇಲ್ಲದ ನಾಚಿಕೆ ನಿನಗೇಕೆ?

ಚೆನ್ನಾಗಿದ್ದೀನಿ ಅನ್ನುವ ಮಾತನ್ನು ಅಲ್ಲಿ ಬಾಯಿಗೇ ತರಬೇಡ ಕಣೋ. ಮನೆಗೆ ಬಂದ ಮೇಲೆ ನನ್ನೆದುರು ಎಷ್ಟು ಸಲ ಬೇಕಾದರೂ ಹೇಳು, ಕೇಳಿಸಿಕೊಳ್ಳುತ್ತೇನೆ.

ಅಮ್ಮ