ಮುಳ್ಳೂರಿನವರಿಗೆ ಅಡ್ಡಹೆಸರು ಬಂದದ್ದು

ಮುಳ್ಳೂರು
ಫೆಬ್ರವರಿ ಮೂವತ್ತು, ೨೪೧೯

ಹುಬ್ಬಳ್ಳಿ ರೈಲ್ವೆ ಕಾಲನಿಯ ಐವಿ ಥಾರ್ನ್‌ಬಿ ಅಜ್ಜಿಯವರಿಗೆ, ಎಷ್ಟೋ ತಲೆಮಾರು ಆಚೆಯ ನಿಮ್ಮ ಮೊಮ್ಮಗಳು ಬಲೆಮನಿ ಫ್ಲೋರವ್ವ ಮಾಡುವ ನಮಸ್ಕಾರ.

ಫೆಬ್ರವರಿಗೆ ಮೂವತ್ತನೆಯ ದಿನ ಎಲ್ಲಿಂದ ಬಂತೆಂದು ನಗಬೇಡಿ. ಚಳಿಯನ್ನು ಒಂದಿಷ್ಟು ಹಿಡಿದಿಡಬೇಕೆಂದು ನಮ್ಮ ಹಿರಿಯರು ತಿಂಗಳನ್ನು ಹಿಗ್ಗಿಸಿದರು. ಚಳಿ ಅವರ ಮಾತು ಕೇಳಲಿಲ್ಲ. ನನ್ನ ಕನ್ನಡವೂ ನಿಮಗೆ ಸೊಟ್ಟಗೆ ಕಂಡೀತು, ಮನ್ನಿಸಿ. ಈ ಪತ್ರವನ್ನು ಹಿಂಟಪಾಲಿಗೆ ಹಾಕುತ್ತಿದ್ದೇನೆ. ಹಿಂಟಪಾಲು ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು. ಅದು ಉತ್ತರ ತರುವುದಿಲ್ಲ.

ನಮ್ಮದು ಮಂಜುಬಲೆಯ ಊರು. ಗುಡ್ಡದ ನೆತ್ತಿಯಲ್ಲಿ ಬಲೆ ಕಟ್ಟಿ, ನಸುಕಿನ ಮಂಜನ್ನು ಹಿಡಿದು, ಹನಿಹನಿಯಾಗಿ ಹಂಡೆಗೆ ಇಳಿಸಿಕೊಳ್ಳುತ್ತೇವೆ. ಅದೇ ನೀರಲ್ಲಿ ಹಿಟ್ಟು ನಾದಿ ರೊಟ್ಟಿ ಬಡಿಯುತ್ತೇವೆ. ಬಲೆ ಹೆಣೆಯುವ ನಾವು ಬಲೆಮನಿಯವರು, ನೀರು ಕಾಯುವವರು ಹಂಡೆಮನಿಯವರು. ಊರಿಗೆ ಹೆಸರಿಟ್ಟವರು ನಿಮ್ಮ ಕುಡಿಗಳೇ. ನೀವು ಯಾರು ಕೇಳಿದರೂ “ನಾವು ಥಾರ್ನ್‌ಬಿಯವರು” ಎನ್ನುತ್ತಿದ್ದಿರಂತೆ. ಕಡಲಾಚೆಯ ಆ ಊರನ್ನು ನೀವು ಕಂಡವರಲ್ಲ, ನಿಮ್ಮಪ್ಪನೂ ಕಂಡವನಲ್ಲ. ಥಾರ್ನ್ ಎಂದರೆ ಮುಳ್ಳು, ಬಿ ಎಂದರೆ ಊರು ಎಂಬುದಷ್ಟೇ ಬಾಯಿಂದ ಬಾಯಿಗೆ ಉಳಿದಿತ್ತು. ನೀರು ಹುಡುಕುತ್ತ ಈ ಬೋಳುಗುಡ್ಡ ಹತ್ತಿದವರು ಅದನ್ನೇ ಕನ್ನಡ ಮಾಡಿ ಮುಳ್ಳೂರು ಎಂದರು. ಆಗ ಇಲ್ಲಿ ಒಂದೇ ಒಂದು ಮುಳ್ಳಿನ ಗಿಡವೂ ಇರಲಿಲ್ಲ.

ತಪ್ಪಾದದ್ದು ಅಲ್ಲೇ, ಅಜ್ಜಿ. ನರಗುಂದದವನು ಧಾರವಾಡಕ್ಕೆ ಹೋದರೆ ಅಲ್ಲಿಯ ಮಂದಿ ಅವನನ್ನು ನರಗುಂದ ಎಂದು ಕರೆಯುತ್ತಾರೆ. ನರಗುಂದದೊಳಗೆ ಅವನನ್ನು ಹಾಗೆ ಕರೆಯುವವರು ಯಾರು? ಊರಿನ ಹೆಸರು ಹತ್ತುವುದು ಊರು ಬಿಟ್ಟವನಿಗೆ. ನಿಮ್ಮ ಮುತ್ತಜ್ಜನೂ ಥಾರ್ನ್‌ಬಿ ಬಿಟ್ಟ ಮೇಲೆಯೇ ಥಾರ್ನ್‌ಬಿ ಆಗಿರಬೇಕು. ಬಿಟ್ಟುಹೋದವರ ಗುರುತನ್ನು ನಮ್ಮವರು ತಂದು, ನೆಲೆ ನಿಲ್ಲುವ ಊರಿಗೆ ಕಟ್ಟಿದರು. ಹೆಸರಿಗೆ ತನ್ನ ಕೆಲಸ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

ಮೊದಲು ಅದು ನನ್ನ ಮಗಳ ಬಾಯಲ್ಲಿ ಬಂತು. ಸೂಸವ್ವನಿಗೆ ಆರು ವರ್ಷ. ಒಂದು ಮುಂಜಾನೆ ನೀರಿಗೆ ಹೋದಾಗ ಹಂಡೆಮನಿಯ ಮುದುಕಿ ತಾರಾಯಿ ಎಂದಿನಂತೆ ಛೇಡಿಸಿದಳು: “ಯಾರ ಮಗಳಬೇ ನೀ?”

“ನಾ ಸೂಸವ್ವ ಮುಳ್ಳೂರ.”

ತಾರಾಯಿಯ ಕೈಯಿಂದ ತಂಬಿಗೆ ಜಾರಿತು. ನಮ್ಮೂರಲ್ಲಿ ನೀರು ಚೆಲ್ಲಿದವರನ್ನು ಬೈಯುತ್ತಾರೆ. ಆ ದಿನ ಯಾರೂ ಬೈಯಲಿಲ್ಲ. “ಊರಾಗ ಇದ್ದವರಿಗೆ ಊರ ಹೆಸರ ಹತ್ತೂದಿಲ್ಲ, ಕೂಸ. ನಿನಗ ಹಂಗ ಯಾರ ಕರದ್ರು?” ಎಂದಳು ತಾರಾಯಿ.

“ಅಲ್ಲಿ ಮಂದಿ,” ಎಂದು ಕೂಸು ಕೆಳಗಿನ ಬಯಲಿನತ್ತ ಬೆರಳು ತೋರಿಸಿತು. ಬಯಲಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಮರುದಿನ ತಾರಾಯಿಯ ಬಾಗಿಲಿಗೆ ಮುಳ್ಳಕಂಟಿ ಇತ್ತು. ಊರು ಬಿಡುವವರು ಹಾಕಿದ ಬಾಗಿಲಿಗೆ ದನ ನುಗ್ಗದಂತೆ ಇಡುತ್ತಾರಲ್ಲ, ಹಾಗೆ, ಹೊರಗಿನಿಂದ ಇಟ್ಟಿತ್ತು. ಮುದುಕಿ ಮಾತ್ರ ಒಳಗೇ ಕೂತು ರೊಟ್ಟಿ ಬಡಿಯುತ್ತಿದ್ದಳು. “ತಾರಾಯಿ” ಎಂದು ಕೂಗಿದೆ, ತಿರುಗಿ ನೋಡಲಿಲ್ಲ. ಹೆದರಿಕೆಯಲ್ಲಿ ಬಾಯಿ ತಪ್ಪಿ “ತಾರಾಯಿ ಮುಳ್ಳೂರ” ಎಂದುಬಿಟ್ಟೆ. “ಏನವ್ವಾ?” ಎಂದು ನಕ್ಕಳು. ಆಮೇಲೆ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮುದುಕಿ ಗುಡ್ಡ ಇಳಿದದ್ದನ್ನು ಯಾರೂ ನೋಡಿಲ್ಲ. ಬಯಲಿನಿಂದ ಮಾತ್ರ ರೊಟ್ಟಿ ಬಡಿಯುವ ಸಪ್ಪಳ ಬರುತ್ತದೆ.

ಹೀಗೆಯೇ ಒಂದೊಂದು ಮನೆ ಬರಿದಾಗಿ, ಈಗ ಓಣಿಯಲ್ಲಿ ಕಂಟಿ ಇಲ್ಲದ ಬಾಗಿಲು ನಮ್ಮದೊಂದೇ. ನನ್ನ ಗಂಡ ಸತ್ತು ನಾಲ್ಕು ವರ್ಷವಾಯಿತು. ಇರುವವರು ನಾನು, ಈ ಮಗಳು. ಬೆಳಗಿನಿಂದ ಅವಳು ತನ್ನ ಚಾದರವನ್ನು ಗಂಟು ಕಟ್ಟಿ ಹೊಸ್ತಿಲಲ್ಲಿ ಕೂತಿದ್ದಾಳೆ. “ಬಲೆಮನಿ ಸೂಸವ್ವ, ಬಾ, ಉಣ್ಣು” ಎಂದು ಕರೆದು ಕರೆದು ನನ್ನ ಗಂಟಲು ಬಿದ್ದಿದೆ. ಅವಳು ಬೇರೆ ಯಾರನ್ನೋ ಕರೆಯುತ್ತಿದ್ದೇನೆ ಎಂಬಂತೆ ಸುತ್ತ ನೋಡುತ್ತಾಳೆ. ಆ ಇನ್ನೊಂದು ಹೆಸರಿನಿಂದ ಕರೆದರೆ ಓಡಿ ಬಂದು ತಬ್ಬಿಕೊಳ್ಳುತ್ತಾಳೆ, ಗೊತ್ತು. ಕರೆಯಬೇಕೆಂದು ಜೀವ ಬಡಿದುಕೊಳ್ಳುತ್ತದೆ. ಹಲ್ಲು ಕಚ್ಚಿ ಕೂತಿದ್ದೇನೆ.

ನಿಮ್ಮನ್ನು ಕೇಳುವುದು ಒಂದೇ. ಈ ಪತ್ರ ಕೈಸೇರಿದ ದಿನದಿಂದ, ಯಾವೂರವರೆಂದು ಯಾರಾದರೂ ಕೇಳಿದರೆ ಥಾರ್ನ್‌ಬಿ ಎನ್ನಬೇಡಿ. ಹುಬ್ಬಳ್ಳಿಯವರು ಎನ್ನಿ. ಕಾಲಿಟ್ಟ ನೆಲದ ಹೆಸರು ಹೇಳಿ, ಮಕ್ಕಳಿಗೂ ಅದನ್ನೇ ಕಲಿಸಿ, ಆ ಮುಳ್ಳಿನ ಅರ್ಥ ನಿಮ್ಮಲ್ಲೇ ಮುಗಿಯಲಿ. ಆಗ ಈ ಗುಡ್ಡಕ್ಕೆ ಬೇರೆ ಯಾವುದೋ ಹೆಸರು ಬಂದೀತು, ನನ್ನ ಕೂಸು ಹೊಸ್ತಿಲು ಬಿಟ್ಟು ಉಣ್ಣಲು ಎದ್ದು ಬಂದೀತು.

ಬೇಗ ಹೇಳಿ, ಅಜ್ಜಿ. ಇಷ್ಟು ಬರೆದು ತಲೆ ಎತ್ತಿದರೆ ಹೊಸ್ತಿಲು ಬರಿದಾಗಿದೆ. ನಾನು ಅವಳನ್ನು ಆ ಇನ್ನೊಂದು ಹೆಸರಿನಿಂದಲೇ ಕರೆದೆ. ಬಯಲಿನಿಂದ ಓಗೊಟ್ಟಳು.

ನಿಮ್ಮ,
ಫ್ಲೋರವ್ವ ಮುಳ್ಳೂರ