ಸ್ಟೋರ್ ರೂಮಿನ ಬೇಸಿನ್ನು

ಅಮ್ಮಾ,

ನೀನು ಹೋಗಿ ಎರಡು ವರ್ಷವಾದ ಮೇಲೆ ನಿನಗೆ ಕಾಗದ ಬರೆಯುತ್ತಿದ್ದೇನೆ, ನಗಬೇಡ. ಮಗುವಿಗೆ ನಾಲ್ಕು ತಿಂಗಳು ತುಂಬಿತು. ಸೋಮವಾರದಿಂದ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ, ನೀನು ದುಡಿದ ಅದೇ ಬಟ್ಟೆ ಕಾರ್ಖಾನೆಗೆ. ಹನ್ನೊಂದರ ಹೊತ್ತಿಗೆ ಹಾಲು ಕಟ್ಟಿ ಎದೆ ನೋಯತೊಡಗುತ್ತದೆ. ಸ್ಟೋರ್ ರೂಮಿನ ಚಿಲಕ ಹಾಕಿಕೊಂಡು, ಪಂಪಿನಲ್ಲಿ ತೆಗೆದು ಬಾಟಲಿಗೆ ತುಂಬುತ್ತೇನೆ.

ಇವತ್ತು ಗುಂಡಿ ಹೊಲಿಯುವ ಅಜ್ಜಿ ಬಾಗಿಲಲ್ಲೇ ತಡೆದಳು. "ನಿಮ್ಮಮ್ಮನೂ ಇಲ್ಲಿಗೇ ಬರ್ತಿದ್ಲು ಕಣಮ್ಮ. ಆಗ ಇಡೋಕೆ ಫ್ರಿಜ್ ಎಲ್ಲಿತ್ತು? ಹಿಂಡಿ ಹಿಂಡಿ ಆ ಬೇಸಿನ್ನಿಗೇ ಚೆಲ್ಲೋಳು. ಅಳೋಳು."

ನೀನು ಒಮ್ಮೆಯೂ ಹೇಳಲಿಲ್ಲ. "ನನ್ನ ಡಬ್ಬಿ ಹಾಲಲ್ಲಿ ಬೆಳೆಸ್ದೋಳು ನೀನು" ಎಂದು ನಾನು ಎಲ್ಲರೆದುರು ಚುಚ್ಚಿದಾಗಲೂ.

ಒಳಗೆ ಹೋಗಿ ಬಾಟಲಿ ತುಂಬಿಸಿ ಮುಚ್ಚಳ ಬಿಗಿದೆ. ಒಂದು ಹನಿಯೂ ಚೆಲ್ಲಿರಲಿಲ್ಲ. ತಿರುಗಿ ನೋಡಿದರೆ, ಒಣಗಿ ಬಿದ್ದಿದ್ದ ಆ ಬೇಸಿನ್ನಿನಲ್ಲಿ ಹಾಲು ಮೆಲ್ಲಗೆ ತೂತಿನತ್ತ ಇಳಿಯುತ್ತಿತ್ತು. ಮುಟ್ಟಿದೆ. ಬೆಚ್ಚಗಿತ್ತು.

ನಲ್ಲಿ ತಿರುಗಿಸಲು ಕೈ ಏಳಲಿಲ್ಲ ಅಮ್ಮ. ಚಿಲಕ ಹಾಕಿದೆಯೇ ಎಂದು ಇನ್ನೊಮ್ಮೆ ನೋಡಿ, ಆ ಹಾಲು ಪೂರ್ತಿ ಇಳಿದುಹೋಗುವ ಮೊದಲು ಬೆರಳು ಅದ್ದಿ ಚೀಪಿದೆ.